ಇಪ್ಪತ್ತು ಸೆಕೆಂಡ್ ತಡ ಆದರೆ ಯಾರಿಗೆ ತೊಂದರೆ? ಒಂದು ಕಾಲೇಜಿನ ಪಾಠ ಪ್ರಸಾರದ ಪ್ರಕರಣ

ಇದು ಬಯಲುಸೀಮೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ವಿಷಯ. ಊರಿನ ಹೆಸರು, ಕಾಲೇಜಿನ ಹೆಸರು, ಮೇಷ್ಟ್ರುಗಳ ಹೆಸರು ಬೇಡ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ, ತಾಂತ್ರಿಕ ಸಂಗತಿಗಳನ್ನು ಬದಲಿಸಿಲ್ಲ. ನಾನು ಅಲ್ಲಿನ ನೌಕರನಲ್ಲ. ಅವರ ಸಿಸ್ಟಮ್ ಅಡ್ಮಿನ್‌ಗೆ ಹೊರಗಿನಿಂದ ಕೈಜೋಡಿಸಿದವನು.

ಕಾಲೇಜಿಗೆ ಎರಡು ಕ್ಯಾಂಪಸ್. ಹಳೆಯದು ಊರೊಳಗೆ, ಹೊಸದು ಹೆದ್ದಾರಿ ಪಕ್ಕ. ಎರಡರ ನಡುವೆ ನೇರ ನೆಟ್‌ವರ್ಕ್ ಲಿಂಕ್ ಇದೆ, ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಹೊಸ ಕ್ಯಾಂಪಸ್‌ಗೆ ಗಣಿತದ ಮೇಷ್ಟ್ರು ಸಿಗುತ್ತಿರಲಿಲ್ಲ. ಬಂದವರು ಒಂದು ಸೆಮಿಸ್ಟರ್ ಮುಗಿಸಿ ಬೆಂಗಳೂರಿಗೆ ಹೊರಡುತ್ತಿದ್ದರು. ಹಳೆ ಕ್ಯಾಂಪಸ್‌ನಲ್ಲಿ ಮಾತ್ರ ಒಬ್ಬ ಹಿರಿಯರು ಇದ್ದರು. ಅವರ ಪಾಠ ಅಂದರೆ ಬೇರೆ ಸೆಕ್ಷನ್‌ನವರೂ ಬಂದು ಹಿಂದೆ ನಿಲ್ಲುತ್ತಿದ್ದರು. ಅವರ ಪಾಠವನ್ನು ಎರಡೂ ಕಡೆಗೆ, ಹಾಸ್ಟೆಲ್‌ಗಳಿಗೂ ತಲುಪಿಸಬೇಕು, ರೆಕಾರ್ಡ್ ಮಾಡಿ ಇಡಬೇಕು ಅನ್ನುವುದು ಆಡಳಿತ ಮಂಡಳಿಯ ಆಸೆ.

ದೂರದಿಂದ ಪಾಠ ಕೇಳುವುದು ಅವರಿಗೆ ಹೊಸದೇನೂ ಅಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೋ ಪಾಠ ಪ್ರಸಾರಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಅದರ ಪ್ರಾಯೋಗಿಕ ಹಂತದಲ್ಲಿ ನಮ್ಮ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೂಡ ಇತ್ತು. ಹಳೆ ಸಿಬ್ಬಂದಿಗೆ ಆ ದಿನಗಳು ನೆನಪಿವೆ. 2020ರ ಲಾಕ್‌ಡೌನ್‌ನಲ್ಲಿ ಎಲ್ಲರಂತೆ ಇವರೂ ಫ್ರೀ ವಿಡಿಯೊ ಕರೆಗಳಲ್ಲಿ ಪಾಠ ಮಾಡಿದ್ದರು. ಹಾಗಿದ್ದ ಮೇಲೆ ಸ್ವಂತ ಸರ್ವರ್ ಯಾಕೆ? ಯಾವುದೋ ಫ್ರೀ ವಿಡಿಯೊ ತಾಣಕ್ಕೆ ಹಾಕಿದರೆ ಸಾಲದಾ? ಈ ಪ್ರಶ್ನೆ ಮೊದಲ ದಿನವೇ ಬಂತು. ಬರಲೇಬೇಕಿತ್ತು.

ಉತ್ತರ ಸಿಕ್ಕಿದ್ದು ಸುಲಭದ ಲೆಕ್ಕದಲ್ಲಿ. ಕಾಲೇಜಿನ ಇಂಟರ್ನೆಟ್ ಲೈನ್ 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಒಂದು ವಿಡಿಯೊಗೆ ಒಂದು ಎಂಬಿಪಿಎಸ್ ಅಂತ ಇಟ್ಟುಕೊಂಡರೂ ಹಾಸ್ಟೆಲ್‌ನಲ್ಲಿ 200 ಜನ ಒಟ್ಟಿಗೆ ನೋಡಿದರೆ 200 ಎಂಬಿಪಿಎಸ್ ಬೇಕು. ಪಾಠ ನಡೆಯುವುದು ಇದೇ ಕ್ಯಾಂಪಸ್‌ನಲ್ಲಿ, ನೋಡುವವರೂ ಇಲ್ಲೇ. ಆದರೂ ಅದೇ ವಿಡಿಯೊ ಹೊರಗೆ ಹೋಗಿ, ಇನ್ನೂರು ಪ್ರತಿಯಾಗಿ, ಅದೇ ಸಣ್ಣ ಲೈನ್‌ನಲ್ಲಿ ವಾಪಸ್ ಬರಬೇಕು. ಒಳಗಿನ ಕೇಬಲ್ ಜಾಲ ಒಂದು ಗಿಗಾಬಿಟ್‌ನದು, ಅದು ಸುಮ್ನೆ ಖಾಲಿ ಬಿದ್ದಿತ್ತು. ಸರ್ವರ್ ಒಳಗೇ ಇರಬೇಕು ಅನ್ನುವುದಕ್ಕೆ ಇಷ್ಟು ಸಾಕಾಯಿತು. ಜಾಹೀರಾತು, ಪಕ್ಕದಲ್ಲಿ ಬರುವ ಕ್ರಿಕೆಟ್ ವಿಡಿಯೊ, ನನ್ನ ಪಾಠ ಊರೆಲ್ಲ ನೋಡೋದು ಬೇಡ ಅನ್ನುವ ಮೇಷ್ಟ್ರುಗಳ ಸಂಕೋಚ, ಇವೆಲ್ಲ ಆಮೇಲೆ ಸೇರಿಕೊಂಡ ಕಾರಣಗಳು.

ಬೇಡಿಕೆಯ ಪಟ್ಟಿ

ಪಾಠ ಲೈವ್ ಬರಬೇಕು. ತಡ ಆಗಬಾರದು. ಹುಡುಗರು ಪ್ರಶ್ನೆ ಕೇಳುವ ಹಾಗಿರಬೇಕು. ಎಚ್‌ಡಿ ಇರಬೇಕು. ಸಂಜೆಯೊಳಗೆ ರೆಕಾರ್ಡಿಂಗ್ ಸಿಗಬೇಕು. ನಮ್ಮ ವಿದ್ಯಾರ್ಥಿಗಳಿಗೆ ಮಾತ್ರ ಕಾಣಬೇಕು. ದುಡ್ಡು ಜಾಸ್ತಿ ಕೇಳಬಾರದು. ಇಂಥ ಪಟ್ಟಿ ನೋಡಿದವರಿಗೆ ಗೊತ್ತು, ಇದರಲ್ಲಿ ಒಂದೆರಡು ಒಂದರ ಕಾಲು ಒಂದು ಎಳೆಯುತ್ತವೆ. ಯಾವುದು ಯಾವುದರ ಕಾಲು ಎಳೆಯುತ್ತಿದೆ ಅಂತ ತಿಳಿಯುವುದಕ್ಕೇ ಇಲ್ಲಿ ಜಾಸ್ತಿ ಸಮಯ ಹೋಯಿತು.

ಕ್ಯಾಮೆರಾ, ಸಾಫ್ಟ್‌ವೇರ್, ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಕೊಡುವವರಿಂದ ಒಂದು ಕೊಟೇಶನ್ ಬಂತು. ಪ್ರತಿ ಕೋಣೆಗೆ ಬೇರೆ ಬೆಲೆ, ಪ್ರತಿ ವರ್ಷ ಲೈಸೆನ್ಸ್. ಅದು ಅಲ್ಲಿಗೇ ನಿಂತಿತು. ಲ್ಯಾಬ್‌ನಿಂದ ನಿವೃತ್ತಿಯಾದ ಒಂದು ರ‍್ಯಾಕ್ ಸರ್ವರ್ ಇತ್ತು, 16 ಜಿಬಿ ಮೆಮೊರಿಯದು. ಅದಕ್ಕೆ ಉಬುಂಟು ಅನ್ನುವ ಫ್ರೀ ಆಪರೇಟಿಂಗ್ ಸಿಸ್ಟಮ್ ಹಾಕಿ ಶುರು ಮಾಡಿದೆವು.

ಮೊದಲ ಪ್ರಯತ್ನ ಸ್ವಂತ ವಿಡಿಯೊ ಕಾನ್ಫರೆನ್ಸ್ ಸರ್ವರ್. ಓಪನ್ ಸೋರ್ಸ್, ಒಳಗೆ ವೆಬ್‌ಆರ್‌ಟಿಸಿ, ಬ್ರೌಸರ್‌ನಲ್ಲೇ ವಿಡಿಯೊ ಕರೆ ಮಾಡಿಸುವ ತಂತ್ರ. ಸಿಬ್ಬಂದಿ ಕೋಣೆಯಲ್ಲಿ ಪರೀಕ್ಷೆ ಮಾಡಿದಾಗ ಎಲ್ಲರಿಗೂ ಖುಷಿ. ಈ ಕಡೆ ಕೈ ಎತ್ತಿದರೆ ಆ ಕಡೆ ಅರ್ಧ ಸೆಕೆಂಡಿನಲ್ಲಿ ಕಾಣುತ್ತಿತ್ತು. ಪೂರ್ತಿ ಸೆಕ್ಷನ್ ಸೇರಿದ ದಿನ ಬಣ್ಣ ಬಯಲಾಯಿತು. ಹಾಸ್ಟೆಲ್ ವೈಫೈನಲ್ಲಿ ಮಾತು ತುಂಡು ತುಂಡಾಗಿ ಬಂತು. ಮೇಷ್ಟ್ರು ಒಂದು ಪ್ರಮೇಯದ ಸಾಧನೆ ಬರೆಯುತ್ತ ‘ಆದ್ದರಿಂದ’ ಅನ್ನುವುದು ಕೇಳುತ್ತಿತ್ತು, ಯಾವುದರಿಂದ ಅನ್ನುವುದು ಕೇಳುತ್ತಿರಲಿಲ್ಲ.

ಇದು ಆ ಸಾಫ್ಟ್‌ವೇರಿನ ದೋಷ ಅಲ್ಲ. ಅದರ ಸ್ವಭಾವವೇ ಹಾಗೆ. ಅದನ್ನು ಮಾಡಿರುವುದು ಸಂಭಾಷಣೆಗೆ. ದಾರಿಯಲ್ಲಿ ಒಂದಿಷ್ಟು ಡೇಟಾ ಕಳೆದುಹೋದರೆ ಅದಕ್ಕಾಗಿ ಹೆಚ್ಚು ಕಾಯುವುದಿಲ್ಲ, ಮುಂದೆ ಹೋಗುತ್ತದೆ. ಇಬ್ಬರು ಮಾತಾಡುವಾಗ ಅದು ಸರಿ, ಏನಂದ್ರಿ ಅಂತ ಕೇಳಬಹುದು. ಪಾಠದಲ್ಲಿ ಇನ್ನೂರು ಜನ ಏನಂದ್ರಿ ಅಂತ ಕೇಳಕ್ಕಾಗುತ್ತಾ?

ತಿರುವು: ತಡ ಯಾರಿಗೆ ತೊಂದರೆ?

ಆಮೇಲೆ ನಡೆದ ಮೀಟಿಂಗ್‌ನಲ್ಲಿ ದೊಡ್ಡ ಸರ್ವರ್ ಕೊಳ್ಳೋಣ ಅಂತ ಒಬ್ಬರು, ಹಾಸ್ಟೆಲ್ ವೈಫೈ ಪೂರ್ತಿ ಬದಲಿಸೋಣ ಅಂತ ಇನ್ನೊಬ್ಬರು. ಗಣಿತದ ಮೇಷ್ಟ್ರು ಮಾತ್ರ ಬೇರೆ ಕಡೆಯಿಂದ ಬಂದರು. ‘ನನ್ನ ಕ್ಲಾಸಲ್ಲಿ ಪ್ರಶ್ನೆ ಕೇಳೋರು ಯಾರು? ಎದುರಿಗೆ ಕೂತವರು. ಆ ಕ್ಯಾಂಪಸ್ ಹಾಲ್‌ನಲ್ಲಿ ಕೂತವರು. ಹಾಸ್ಟೆಲ್ ರೂಮಲ್ಲಿ ಮಲಗಿ ನೋಡೋನು ಪ್ರಶ್ನೆ ಕೇಳ್ತಾನಾ?’

ಅಲ್ಲಿಂದ ಪಟ್ಟಿಯನ್ನು ಬೇರೆ ಥರ ಓದಿದೆವು. ಪ್ರತಿಯೊಂದು ಗುಂಪಿನ ಮುಂದೆ ಒಂದೇ ಪ್ರಶ್ನೆ: ಇವರಿಗೆ ಪಾಠ ಇಪ್ಪತ್ತು ಸೆಕೆಂಡ್ ತಡವಾಗಿ ಬಂದರೆ ಏನಾಗುತ್ತದೆ? ಹೊಸ ಕ್ಯಾಂಪಸ್ ಹಾಲ್‌ಗೆ ತೊಂದರೆ ಆಗುತ್ತದೆ, ಅಲ್ಲಿಂದ ಪ್ರಶ್ನೆ ಬರುತ್ತದೆ. ಆದರೆ ಅಲ್ಲಿ ಇರುವುದು ಒಂದು ಪ್ರೊಜೆಕ್ಟರ್, ಅಂದರೆ ಒಂದೇ ಸಂಪರ್ಕ. ಹಾಸ್ಟೆಲ್‌ನವರಿಗೆ ಏನೂ ಆಗುವುದಿಲ್ಲ. ಮನೆಯಲ್ಲಿರುವವರಿಗೆ ಮೊದಲೇ ಇಲ್ಲ. ರೆಕಾರ್ಡಿಂಗ್ ನೋಡುವವರಿಗೆ ಈ ಪ್ರಶ್ನೆಯೇ ಇಲ್ಲ.

ಹಾಗಾಗಿ ದಾರಿ ಎರಡಾಯಿತು. ಹಾಲ್‌ನಿಂದ ಹಾಲ್‌ಗೆ ಒಂದು ಮಾಮೂಲಿ ವಿಡಿಯೊ ಕರೆ, ನೇರ ಲಿಂಕ್ ಮೇಲೆ, ಎರಡೇ ತುದಿ. ಉಳಿದವರಿಗೆಲ್ಲ ಎಚ್‌ಎಲ್‌ಎಸ್ ಅನ್ನುವ ಪ್ರಸಾರ ವಿಧಾನ. ಹಾಸ್ಟೆಲ್‌ನಿಂದ ಯಾರಿಗಾದರೂ ಸಂದೇಹ ಬಂದರೆ ಕಾಲೇಜಿನ ಆನ್‌ಲೈನ್ ಕಲಿಕೆಯ ತಾಣವಾದ ಮೂಡಲ್‌ನ ಚಾಟ್‌ನಲ್ಲಿ ಬರೆಯುವುದು, ಪಾಠದ ಕೊನೆಗೆ ಒಬ್ಬ ವಿದ್ಯಾರ್ಥಿ ಅದನ್ನು ಓದಿ ಹೇಳುವುದು.

ಎಚ್‌ಎಲ್‌ಎಸ್ ಅನ್ನು ಆಪಲ್ 2009ರಲ್ಲಿ ತಂದಿತು. ಕೆಲಸ ಮಾಡುವ ರೀತಿ ತೀರಾ ಸರಳ. ವಿಡಿಯೊವನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಫೈಲ್‌ಗಳಾಗಿ ಇಡುತ್ತದೆ. ಪಕ್ಕದಲ್ಲಿ ತುಣುಕುಗಳ ಪಟ್ಟಿಯ ಒಂದು ಫೈಲ್. ನೋಡುವವರ ಬ್ರೌಸರ್ ಪಟ್ಟಿ ಓದಿ ಒಂದೊಂದೇ ತುಣುಕು ಇಳಿಸಿಕೊಳ್ಳುತ್ತದೆ. ಸರ್ವರ್‌ಗೆ ಇದು ವಿಡಿಯೊ ಅಂತಲೇ ಗೊತ್ತಿರಬೇಕಿಲ್ಲ, ಫೋಟೋ ಕೊಟ್ಟ ಹಾಗೆ ಫೈಲ್ ಕೊಟ್ಟರಾಯಿತು. ದಾರಿಯಲ್ಲಿ ಏನಾದರೂ ಕಳೆದರೆ ಮತ್ತೆ ತರಿಸಿಕೊಳ್ಳುತ್ತದೆ. ಮಾತು ತುಂಡಾಗುವುದಿಲ್ಲ. ಅದಕ್ಕೆ ಕೊಡುವ ಬೆಲೆಯೇ ತಡ. ತುಣುಕು ಆರು ಸೆಕೆಂಡಿನದು ಇರಲಿ ಅಂತ ಆಪಲ್ ಹೇಳುತ್ತದೆ. ಪ್ಲೇಯರ್ ಸಾಮಾನ್ಯವಾಗಿ ಮೂರು ತುಣುಕು ಹಿಂದಿನಿಂದ ಶುರು ಮಾಡುತ್ತದೆ. ಹದಿನೆಂಟು ಸೆಕೆಂಡ್, ಮೇಲೆ ಎನ್‌ಕೋಡ್ ಮಾಡುವ, ಅಂದರೆ ವಿಡಿಯೊ ಕುಗ್ಗಿಸುವ, ಹೊತ್ತು ಸ್ವಲ್ಪ.

ಜೋಡಣೆ ಹೀಗಿತ್ತು. ಕ್ಲಾಸಿನ ಕಂಪ್ಯೂಟರಿನಲ್ಲಿ ಓಬಿಎಸ್, ಕ್ಯಾಮೆರಾ ಚಿತ್ರ ಹಿಡಿದು ಪ್ರಸಾರ ಮಾಡುವ ಸಾಫ್ಟ್‌ವೇರ್. ಅದು ಆರ್‌ಟಿಎಂಪಿ ಅನ್ನುವ ವಿಡಿಯೊ ಸಾಗಿಸುವ ವಿಧಾನದ ಮೂಲಕ ಸರ್ವರ್‌ಗೆ ಕಳಿಸುತ್ತದೆ. ಅಲ್ಲಿ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಸಾಫ್ಟ್‌ವೇರ್, ಅದರ ಆರ್‌ಟಿಎಂಪಿ ಮಾಡ್ಯೂಲ್ ತುಣುಕು ಮಾಡಿ ಮೆಮೊರಿಯಲ್ಲೇ ಇಡುತ್ತದೆ. ಮೂಡಲ್ ಪುಟದೊಳಗೆ ಎಚ್‌ಎಲ್‌ಎಸ್ ಪ್ಲೇಯರ್. ಆರ್‌ಟಿಎಂಪಿ ಫ್ಲ್ಯಾಶ್ ಕಾಲದ್ದು, ಬ್ರೌಸರ್‌ಗಳು ಫ್ಲ್ಯಾಶ್ ಪ್ಲೇಯರ್‌ನಿಂದ ವಿಡಿಯೊ ತೋರಿಸುತ್ತಿದ್ದ ಕಾಲ. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್‌ಗೆ ಅಡೋಬಿ ಬೆಂಬಲ ನಿಲ್ಲಿಸಿತು, ಬ್ರೌಸರ್‌ಗಳಲ್ಲಿ ಆರ್‌ಟಿಎಂಪಿ ನೋಡುವ ದಾರಿ ಮುಚ್ಚಿತು. ಆದರೆ ಕ್ಯಾಮೆರಾ ಕಡೆಯಿಂದ ಸರ್ವರ್‌ವರೆಗಿನ ಮೊದಲ ಹೆಜ್ಜೆಗೆ ಅದು ಇವತ್ತೂ ಗಟ್ಟಿ.

ಬೋರ್ಡು, ಸೀಮೆಸುಣ್ಣ, ಮತ್ತು ಐವತ್ತು ಸೆಕೆಂಡ್

ಗಣಿತದ ಮೇಷ್ಟ್ರು ಸ್ಲೈಡ್ ಬಳಸುವವರಲ್ಲ. ಬೋರ್ಡು ಅಂದರೆ ಬೋರ್ಡು. ವಿಡಿಯೊ ಎನ್‌ಕೋಡರ್‌ಗಳಿಗೆ ಸೀಮೆಸುಣ್ಣದ ಸಣ್ಣ ಗೆರೆ ಕಷ್ಟದ ವಸ್ತು. ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಡೇಟಾ) ಕಡಿಮೆ ಮಾಡಿದರೆ ಮೊದಲು ಅಳಿಸಿಹೋಗುವುದು ಘಾತದ ಅಂಕಿ ಮತ್ತು ಕೆಳಗೆ ಬರೆದ ಸಣ್ಣ ಐ, ಜೆ.

ಇಲ್ಲಿ ಒಂದು ಒಳ್ಳೆ ತೀರ್ಮಾನ ಆಯಿತು. ಬೋರ್ಡು ಓಡಾಡುವುದಿಲ್ಲ. ಹಾಗಿದ್ದರೆ ಸೆಕೆಂಡಿಗೆ 30 ಫ್ರೇಮ್ ಯಾಕೆ? ಹದಿನೈದಕ್ಕೆ ಇಳಿಸಿದೆವು. ಉಳಿದ ಬಿಟ್ಟುಗಳೆಲ್ಲ ಗೆರೆಗಳ ಸ್ಪಷ್ಟತೆಗೆ ಹೋದವು. 720ಪಿ (ಎತ್ತರಕ್ಕೆ 720 ಚುಕ್ಕಿ), 800 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 800 ಕಿಲೋಬಿಟ್) ಬೋರ್ಡು ಓದುವ ಹಾಗೆ ಬಂತು. ಮೇಷ್ಟ್ರ ಕೈ ಸ್ವಲ್ಪ ಜಿಗಿಜಿಗಿ ಕಾಣುತ್ತಿತ್ತು, ಯಾರೂ ದೂರು ಹೇಳಲಿಲ್ಲ.

ಮರುದಿನವೇ ಹಾಸ್ಟೆಲ್‌ನವರು ಬೇರೆ ದೂರು ತಂದರು. ಕ್ಲಾಸ್ ಬೆಲ್ ಹೊಡೆದ ಮೇಲೂ ಪಾಠ ನಡೆಯುತ್ತಲೇ ಇರುತ್ತದೆ. ಅಳೆದು ನೋಡಿದರೆ ತಡ ಐವತ್ತು ಸೆಕೆಂಡ್ ದಾಟಿತ್ತು. ಸರ್ವರ್ ಸೋತಿದೆ ಅಂತ ಎಲ್ಲರೂ ಅಂದುಕೊಂಡರು. ಸರ್ವರ್ ಆರಾಮಾಗಿತ್ತು.

ಕಾರಣ ಕೀಫ್ರೇಮ್. ವಿಡಿಯೊದಲ್ಲಿ ಆಗಾಗ ಒಂದು ಪೂರ್ಣ ಚಿತ್ರ ಬರುತ್ತದೆ, ನಡುವಿನವು ಬದಲಾವಣೆ ಮಾತ್ರ. ತುಣುಕು ಕತ್ತರಿಸುವುದು ಪೂರ್ಣ ಚಿತ್ರ ಬಂದಾಗ ಮಾತ್ರ. ಓಬಿಎಸ್‌ನಲ್ಲಿ ಕೀಫ್ರೇಮ್ ಅಂತರವನ್ನು ಆಟೋ ಬಿಟ್ಟರೆ ಅದರೊಳಗಿನ ಎನ್‌ಕೋಡರ್ ಎಕ್ಸ್264 ತನ್ನ ಪದ್ಧತಿಯಂತೆ 250 ಫ್ರೇಮ್‌ಗೊಂದು ಹಾಕುತ್ತದೆ. ಸೆಕೆಂಡಿಗೆ 30 ಇದ್ದಾಗ ಅದು ಎಂಟು ಸೆಕೆಂಡ್ ಚಿಲ್ಲರೆ. 15 ಆದ ಮೇಲೆ ಹದಿನಾರೂವರೆ ದಾಟಿತು. ಆರು ಸೆಕೆಂಡಿಗೆ ಕತ್ತರಿಸು ಅಂತ ಸರ್ವರ್‌ಗೆ ಎಷ್ಟು ಹೇಳಿದರೂ ಕತ್ತರಿಸಲು ಜಾಗವೇ ಇಲ್ಲ. ಮೂರು ತುಣುಕು ಅಂದರೆ ಐವತ್ತು ಸೆಕೆಂಡ್. ಓಬಿಎಸ್‌ನಲ್ಲಿ ಕೀಫ್ರೇಮ್ ಎರಡು ಸೆಕೆಂಡ್ ಅಂತ ಬರೆದ ತಕ್ಷಣ ತಡ ಮತ್ತೆ ಇಪ್ಪತ್ತಕ್ಕೆ ಬಂತು. ಚಿತ್ರದ ಸೆಟ್ಟಿಂಗ್ ಒಂದು ಬದಲಿಸಿದ್ದಕ್ಕೆ ತಡ ಹೆಚ್ಚಾಗುತ್ತದೆ ಅಂತ ಯಾರಿಗೆ ಹೊಳೆಯುತ್ತದೆ? ಈ ಬರಹದಲ್ಲಿ ಬೇರೆ ಏನು ಬಿಟ್ಟರೂ ಇದನ್ನು ಬರೆದಿಟ್ಟುಕೊಳ್ಳಿ.

ಬಣ್ಣದ ಸೀಮೆಸುಣ್ಣದ ಮಾತೂ ಇದೆ. ಮಾಮೂಲಿ ವಿಡಿಯೊದಲ್ಲಿ ಬಣ್ಣದ ಮಾಹಿತಿಯನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಸಿ ಇಡುತ್ತಾರೆ. ಬೆಳಕು ಮಾತ್ರ ಪೂರ್ತಿ. ಹಸಿರು ಬೋರ್ಡಿನ ಮೇಲೆ ಕೆಂಪು ಗೆರೆಗೂ ಹಿನ್ನೆಲೆಗೂ ಬೆಳಕಿನಲ್ಲಿ ವ್ಯತ್ಯಾಸ ಕಡಿಮೆ, ಹಾಗಾಗಿ ಕಲೆಸಿಹೋಗುತ್ತಿತ್ತು. ಬಿಳಿ, ಹಳದಿ ಎರಡೇ ಬಳಸಿ ಅಂತ ಕೇಳಿಕೊಂಡೆವು. ಮೇಷ್ಟ್ರು ಒಪ್ಪಿದರು, ಸ್ವಲ್ಪ ಗೊಣಗಿಕೊಂಡೇ.

ಧ್ವನಿ

ವಿಡಿಯೊಗೆ ಇಷ್ಟೆಲ್ಲ ತಲೆ ಕೆಡಿಸಿಕೊಂಡ ಮೇಲೂ ಹುಡುಗರು ‘ಬಫರ್ ಆಗ್ತಿದೆ ಸಾರ್’ ಅನ್ನುತ್ತಲೇ ಇದ್ದರು. ಪಕ್ಕದಲ್ಲಿ ಕೂತು ನೋಡಿದರೆ ಏನೂ ಬಫರ್ ಆಗುತ್ತಿರಲಿಲ್ಲ. ಅವರಿಗೆ ಮಾತು ಅರ್ಥ ಆಗುತ್ತಿರಲಿಲ್ಲ, ಅಷ್ಟೇ. ಕ್ಯಾಮೆರಾದ ಮೈಕು ಹಿಂದಿನ ಗೋಡೆಯ ಹತ್ತಿರ, ಮೇಷ್ಟ್ರು ಬೋರ್ಡಿನ ಹತ್ತಿರ, ನಡುವೆ ನಾಲ್ಕು ಸೀಲಿಂಗ್ ಫ್ಯಾನ್.

ಕಾಲರ್‌ಗೆ ಸಿಕ್ಕಿಸುವ ಮೈಕು ಬಂದ ದಿನ ದೂರುಗಳು ಹೆಚ್ಚೂಕಡಿಮೆ ನಿಂತವು. ಚಿತ್ರ ಸ್ವಲ್ಪ ಮಸುಕಾದರೆ ಹುಡುಗರು ಸಹಿಸುತ್ತಾರೆ, ಮಾತು ಮಸುಕಾದರೆ ಪುಟ ಮುಚ್ಚುತ್ತಾರೆ. ಮೈಕು ಜೋಡಿಸಿದ ಮೇಲೆ ಗುಂಯ್ ಅನ್ನುವ ಸದ್ದು ಬಂತು. ಪ್ರೊಜೆಕ್ಟರ್ ಒಂದು ಪ್ಲಗ್‌ನಲ್ಲಿ, ಕಂಪ್ಯೂಟರ್ ಇನ್ನೊಂದರಲ್ಲಿ, ಎರಡರ ಅರ್ತಿಂಗ್ ಬೇರೆ ಬೇರೆ. ಎರಡನ್ನೂ ಒಂದೇ ಸ್ವಿಚ್ ಬೋರ್ಡಿಗೆ ಹಾಕಿ, ನಡುವೆ ಒಂದು ಆಡಿಯೊ ಐಸೊಲೇಟರ್ ಸೇರಿಸಿದ ಮೇಲೆ ಹೋಯಿತು. ಬಜೆಟ್ ಪಟ್ಟಿಯಲ್ಲಿ ಮೈಕು ಕೊನೆಯ ಸಾಲಿನಲ್ಲಿತ್ತು. ನನ್ನನ್ನು ಕೇಳಿದರೆ ಅದು ಸರ್ವರ್‌ಗಿಂತ ಮೇಲಿರಬೇಕು.

ಧ್ವನಿಯಿಂದಲೇ ಇನ್ನೊಂದು ಉಪಯೋಗ ಹೊರಟಿತು. ವಿಡಿಯೊ ಬಿಟ್ಟು ಬರೀ ಮಾತು, ಒಂದೇ ಚಾನೆಲ್, 64 ಕೆಬಿಪಿಎಸ್. ಗಂಟೆಗೆ ಹೆಚ್ಚೂಕಡಿಮೆ 29 ಎಂಬಿ. ಮೂಡಲ್‌ನಲ್ಲಿ ನೋಟ್ಸ್‌ನ ಪಿಡಿಎಫ್ ಪಕ್ಕದಲ್ಲೇ ಇಟ್ಟೆವು. ದಿನಾ ಹಳ್ಳಿಯಿಂದ ಸಾರಿಗೆ ಬಸ್ಸಿನಲ್ಲಿ ಓಡಾಡುವ ಹುಡುಗರು ಇದನ್ನು ಹಿಡಿದುಕೊಂಡರು. ಇದು ಯಾರ ಬೇಡಿಕೆಯ ಪಟ್ಟಿಯಲ್ಲೂ ಇರಲಿಲ್ಲ.

ಇಂಟರ್ನಲ್ಸ್ ಹಿಂದಿನ ವಾರ

ಮೊದಲ ಇಂಟರ್ನಲ್ಸ್ ಹತ್ತಿರ ಬಂದಾಗ ರಿವಿಷನ್ ಕ್ಲಾಸ್ ಲೈವ್ ಇತ್ತು. ಎಲ್ಲ ಸೆಕ್ಷನ್‌ನವರೂ ಒಟ್ಟಿಗೆ ಬಂದರು. ಒಂದು ಹಂತದವರೆಗೆ ಸರಾಗ. ಆಮೇಲೆ ಹೊಸದಾಗಿ ಬಂದವರಿಗೆ ಪುಟವೇ ತೆರೆಯುತ್ತಿಲ್ಲ, ಇದ್ದವರಿಗೆ ನಿಂತು ನಿಂತು ಬರುತ್ತಿದೆ. ಸಿಪಿಯು ನೋಡಿದರೆ ಕೆಲಸವೇ ಇಲ್ಲದ ಹಾಗೆ ಕೂತಿದೆ. ನೆಟ್‌ವರ್ಕ್ ಕಾರ್ಡಿನಲ್ಲೂ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ.

ಎಂಜಿನ್‌ಎಕ್ಸ್‌ನ ಎರರ್ ಲಾಗ್‌ನಲ್ಲಿ, ಅಂದರೆ ಅದು ತಪ್ಪುಗಳನ್ನು ಬರೆದಿಡುವ ದಾಖಲೆಯಲ್ಲಿ, ಉತ್ತರ ನೇರವಾಗಿ ಬರೆದಿತ್ತು, 768 ಸಂಪರ್ಕಗಳು ಸಾಲುತ್ತಿಲ್ಲ ಅಂತ. ಉಬುಂಟು ಜೊತೆ ಬರುವ ಎಂಜಿನ್‌ಎಕ್ಸ್ ಸೆಟ್ಟಿಂಗ್ ಕಡತದಲ್ಲಿ ಒಂದು ವರ್ಕರ್‌ಗೆ (ಕೆಲಸ ಮಾಡುವ ಒಂದು ಪ್ರೊಸೆಸ್‌ಗೆ) 768 ಸಂಪರ್ಕ ಅಂತ ಇರುತ್ತದೆ. ಹಲವು ವರ್ಕರ್ ಇದ್ದರೆ ಅದು ಸಾಲುತ್ತದೆ. ಆದರೆ ಆರ್‌ಟಿಎಂಪಿ ಮಾಡ್ಯೂಲ್ ಹಲವು ವರ್ಕರ್‌ಗಳ ಜೊತೆ ಸರಿಯಾಗಿ ಹೊಂದುವುದಿಲ್ಲ ಅಂತ ಒಂದೇ ವರ್ಕರ್ ಇಟ್ಟಿದ್ದರು. ಒಂದು ಬ್ರೌಸರ್ ಎರಡು ಮೂರು ಸಂಪರ್ಕ ಹಿಡಿದುಕೊಂಡು ಕೂರುತ್ತದೆ. ಮುನ್ನೂರು ಜನ ಬರುವಷ್ಟರಲ್ಲಿ ಬಾಗಿಲು ಮುಚ್ಚಿತು.

ಸಂಖ್ಯೆ ಹೆಚ್ಚಿಸಿದರೆ ಸಾಕಿತ್ತು. ಅಡ್ಮಿನ್ ಇನ್ನೂ ಒಂದು ಹೆಜ್ಜೆ ಹೋದರು. ಕೆಲಸವನ್ನೇ ಎರಡು ಮಾಡಿದರು. ಕ್ಯಾಮೆರಾದಿಂದ ತೆಗೆದುಕೊಳ್ಳುವುದಕ್ಕೆ ಒಂದು ಎಂಜಿನ್‌ಎಕ್ಸ್, ಒಂದೇ ವರ್ಕರ್. ಹುಡುಗರಿಗೆ ಕೊಡುವುದಕ್ಕೆ ಇನ್ನೊಂದು, ಪ್ರತಿ ಸಿಪಿಯು ಕೋರ್‌ಗೆ ಒಂದು ವರ್ಕರ್, ತೆರೆಯಬಹುದಾದ ಫೈಲ್‌ಗಳ ಮಿತಿಯೂ ಜಾಸ್ತಿ. ಇದರಿಂದ ನೋಡುವ ಕಡೆ ಏನು ಬದಲಿಸಿ ರೀಸ್ಟಾರ್ಟ್ ಮಾಡಿದರೂ ಮೇಷ್ಟ್ರ ಪ್ರಸಾರ ಕಡಿಯುವುದಿಲ್ಲ. ನಡೆಯುವ ಕ್ಲಾಸಿನ ಮಧ್ಯೆ ರಿಪೇರಿ ಮಾಡಬೇಕಾದವರಿಗೆ ಇದರ ಬೆಲೆ ಗೊತ್ತು.

ಹಾಸ್ಟೆಲ್ ವೈಫೈ ಸಮಸ್ಯೆ ಉಳಿದೇ ಇತ್ತು. ಒಂದೇ ಪಾಠ ಐವತ್ತು ಜನ ನೋಡಿದರೂ ಗಾಳಿಯಲ್ಲಿ ಐವತ್ತು ಪ್ರತಿ ಹೋಗಬೇಕು, ಒಂದು ಆ್ಯಕ್ಸೆಸ್ ಪಾಯಿಂಟ್ ಎಷ್ಟು ಅಂತ ಹೊತ್ತೀತು? ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೊ ಬದಲಿಸುವ ಸಾಫ್ಟ್‌ವೇರ್‌ನಿಂದ 360ಪಿ, 300 ಕೆಬಿಪಿಎಸ್‌ನ ಇನ್ನೊಂದು ಪ್ರತಿ ಮಾಡಿ ಸೇರಿಸಿದೆವು. ಸಿಗ್ನಲ್ ಸೋತ ಕಡೆ ಪ್ಲೇಯರ್ ತಾನೇ ಅದಕ್ಕೆ ಇಳಿಯುತ್ತದೆ. ಜೊತೆಗೆ ಪ್ರತಿ ಮಹಡಿಯ ಓದುವ ಕೋಣೆಯಲ್ಲಿ ಕೇಬಲ್ ಹಾಕಿದ ಒಂದು ಟಿವಿ ಇಟ್ಟರು. ಎರಡನೆಯದು ಮೊದಲನೆಯದಕ್ಕಿಂತ ಜಾಸ್ತಿ ಕೆಲಸ ಮಾಡಿತು.

ಕರೆಂಟು ಹೋದಾಗ

ರೆಕಾರ್ಡಿಂಗ್ ಶುರುವಿನಲ್ಲಿ ಓಬಿಎಸ್‌ನಿಂದ ನೇರ ಎಂಪಿ4ಗೆ ಆಗುತ್ತಿತ್ತು. ಒಂದು ಮಧ್ಯಾಹ್ನ ಪಾಠ ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಫೈಲ್ ಇತ್ತು, ತೂಕವೂ ಇತ್ತು, ತೆರೆಯಲಿಲ್ಲ. ಮಾಮೂಲಿ ಎಂಪಿ4ನಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನುವ ಸೂಚಿಯನ್ನು ಕೊನೆಯಲ್ಲಿ ಬರೆಯುತ್ತದೆ. ಕೊನೆ ಬರಲೇ ಇಲ್ಲ. ಅಂದಿನಿಂದ ಎಂಕೆವಿ ಅನ್ನುವ ಇನ್ನೊಂದು ಬಗೆಯ ಫೈಲ್. ಅದು ಎಲ್ಲಿ ನಿಂತರೂ ಅಲ್ಲಿಯವರೆಗಿನದು ಉಳಿಯುತ್ತದೆ. ಸಂಜೆ ಒಂದು ಸ್ಕ್ರಿಪ್ಟ್ ಅದನ್ನು ಎಂಪಿ4ಗೆ ಬದಲಿಸಿ, ಸೂಚಿಯನ್ನು ಮುಂದಕ್ಕೆ ತಂದು ಇಡುತ್ತದೆ. ಸೂಚಿ ಮುಂದೆ ಇದ್ದರೆ ಫೈಲ್ ಪೂರ್ತಿ ಇಳಿಯುವ ಮೊದಲೇ ವಿಡಿಯೊ ಶುರುವಾಗುತ್ತದೆ. ಮತ್ತೆ ಎನ್‌ಕೋಡ್ ಮಾಡುವುದಿಲ್ಲವಾದ್ದರಿಂದ ಬೇಗ ಮುಗಿಯುತ್ತದೆ.

ಅದೇ ದಿನ ಇನ್ನೊಂದೂ ಗೊತ್ತಾಯಿತು. ಸರ್ವರ್‌ಗೆ ಯುಪಿಎಸ್ ಇತ್ತು. ಕ್ಲಾಸಿನ ಕಂಪ್ಯೂಟರ್‌ಗೂ ಇರಲಿಲ್ಲ, ನಡುವಿನ ಮಹಡಿಯ ನೆಟ್‌ವರ್ಕ್ ಸ್ವಿಚ್‌ಗೂ ಇರಲಿಲ್ಲ.

ಜಾಗದ ಭಯ ಎಲ್ಲರಿಗೂ ಇತ್ತು, ಲೆಕ್ಕ ಹಾಕಿದ ಮೇಲೆ ಹೋಯಿತು. ಚಿತ್ರ, ಧ್ವನಿ ಸೇರಿ 864 ಕೆಬಿಪಿಎಸ್. ಗಂಟೆಗೆ 390 ಎಂಬಿ ಹತ್ತಿರ. ನಾಲ್ಕು ವಿಷಯ, ತಲಾ 45 ಗಂಟೆ ಅಂದರೂ ಸೆಮಿಸ್ಟರ್‌ಗೆ 70 ಜಿಬಿ. ಎರಡು ಟಿಬಿಯ ಡಿಸ್ಕ್ ವರ್ಷಗಟ್ಟಲೆ ಸಾಕು, ಪ್ರತಿ ಇಡಲು ಅಂಥದೇ ಇನ್ನೊಂದು.

ಮೂಡಲ್ ಎಚ್‌ಟಿಟಿಪಿಎಸ್‌ನಲ್ಲಿ (ಸುರಕ್ಷಿತ ಸಂಪರ್ಕದಲ್ಲಿ) ಇದ್ದು ವಿಡಿಯೊ ಸರ್ವರ್ ಬರೀ ಎಚ್‌ಟಿಟಿಪಿ ಇದ್ದಾಗ ಬ್ರೌಸರ್ ತುಣುಕುಗಳನ್ನು ತಡೆಯುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಫ್ರೀ ಸರ್ಟಿಫಿಕೇಟ್ ಹಾಕಿ ಅದನ್ನೂ ಎಚ್‌ಟಿಟಿಪಿಎಸ್‌ಗೆ ತಂದು ಮುಗಿಸಿದೆವು.

ಲಾಗ್ ಹೇಳಿದ್ದು

ಸೆಮಿಸ್ಟರ್ ಮಧ್ಯಕ್ಕೆ ಬಂದಾಗ ಲಾಗ್ ನೋಡಿದರೆ ಹಾಸ್ಟೆಲ್‌ನ ಲೈವ್ ನೋಟ ತೆಳುವಾಗಿತ್ತು. ರೆಕಾರ್ಡಿಂಗ್ ಮಾತ್ರ ಪರೀಕ್ಷೆ ಹತ್ತಿರ ಬಂದಂತೆ ಏರುತ್ತಿತ್ತು. ಅದೂ ಮೊದಲಿಂದ ಕೊನೆಯವರೆಗಲ್ಲ. ಮಧ್ಯಕ್ಕೆ ಜಿಗಿಯುವುದು, ಐದು ನಿಮಿಷ ನೋಡುವುದು, ಇನ್ನೊಂದು ಪಾಠಕ್ಕೆ ಹೋಗುವುದು. ಹುಡುಗರು ಏನನ್ನೋ ಹುಡುಕುತ್ತಿದ್ದರು.

ಎರಡನೇ ಕ್ಯಾಮೆರಾಗೆ ಇಟ್ಟಿದ್ದ ದುಡ್ಡನ್ನು ಅಲ್ಲಿಗೇ ನಿಲ್ಲಿಸಲಾಯಿತು. ಬದಲಿಗೆ ಇಬ್ಬರು ವಿದ್ಯಾರ್ಥಿಗಳಿಗೆ ಸಣ್ಣ ಗೌರವಧನ. ಪ್ರತಿ ಪಾಠಕ್ಕೆ ಯಾವ ನಿಮಿಷದಲ್ಲಿ ಯಾವ ವಿಷಯ ಶುರು ಅಂತ ಬರೆಯುವುದು ಅವರ ಕೆಲಸ. ವಿಟಿಯು ಪಠ್ಯ ಐದು ಮಾಡ್ಯೂಲ್‌ಗಳಲ್ಲಿ ಇರುತ್ತದಲ್ವಾ, ಪಟ್ಟಿಯನ್ನೂ ಹಾಗೇ ಮಾಡಿದರು. ಮಾಡ್ಯೂಲ್ ಮೂರು, ಹದಿನಾಲ್ಕನೇ ನಿಮಿಷ, ಫೋರಿಯರ್ ಸರಣಿ. ಒತ್ತಿದರೆ ಅಲ್ಲಿಗೇ ಹೋಗುತ್ತದೆ. ಫೈಲ್ ಹೆಸರಿನಲ್ಲಿ ವಿಷಯದ ಕೋಡ್, ಮಾಡ್ಯೂಲ್, ದಿನಾಂಕ. ಹೊಸ ಯಂತ್ರ ಒಂದೂ ಬರಲಿಲ್ಲ, ಬಳಕೆ ಮಾತ್ರ ಏರಿತು.

ಲಾಗ್ ನೋಡಿದ ಆಡಳಿತಕ್ಕೆ ಬೇರೆ ಯೋಚನೆ ಹೊಳೆಯಿತು. ಇದರಿಂದ ಹಾಜರಿ ಹಾಕಬಹುದಾ? ಐಪಿ ವಿಳಾಸ ಯಾರು ಕೂತಿದ್ದರು ಅಂತ ಹೇಳುವುದಿಲ್ಲ, ಪುಟ ತೆರೆದಿಟ್ಟು ಊಟಕ್ಕೆ ಹೋಗಬಹುದು ಅಂತ ವಿವರಿಸಿದ ಮೇಲೆ ಕೈಬಿಟ್ಟರು. ಮೇಷ್ಟ್ರುಗಳ ಭಯ ಇದಕ್ಕಿಂತ ಆಳದ್ದು. ರೆಕಾರ್ಡಿಂಗ್ ನೋಡಿ ನಮ್ಮನ್ನೇ ಅಳೆದರೆ? ಅದಕ್ಕೆ ಮೂರು ಮಾತು ಬರೆದು ಸಹಿ ಆಯಿತು. ಮೇಷ್ಟ್ರು ಒಪ್ಪಿದ ಮೇಲೆಯೇ ರೆಕಾರ್ಡಿಂಗ್ ಹೊರಗೆ ಬರುತ್ತದೆ. ಕ್ಯಾಮೆರಾ ಬೋರ್ಡನ್ನು ಮಾತ್ರ ನೋಡುತ್ತದೆ, ವಿದ್ಯಾರ್ಥಿಗಳ ಮುಖ ಬೀಳುವುದಿಲ್ಲ. ಮೇಜಿನ ಮೇಲೆ ಒಂದು ಗುಂಡಿ, ಒತ್ತಿದರೆ ಧ್ವನಿ ಬಂದ್. ಮೂರನೆಯದು ಬಂದ ಮೇಲೆ ಮೊದಲು ಒಲ್ಲೆ ಅಂದಿದ್ದ ಇಬ್ಬರು ಒಪ್ಪಿಕೊಂಡರು. ಆ ಗುಂಡಿಯನ್ನು ಅವರು ಒತ್ತಿದ್ದು ಕಡಿಮೆ.

ಮೇಷ್ಟ್ರು ಕಾಲೇಜು ಬಿಟ್ಟು ಹೋದರೆ ಪಾಠಗಳು ಯಾರವು ಅನ್ನುವುದು ಮಾತ್ರ ಬಹಳ ದಿನ ಎಳೆಯಿತು. ಕೊನೆಗೆ ಆದ ಒಪ್ಪಂದ ಇಷ್ಟು: ಆ ಪಾಠ ಕೇಳಿದ ಬ್ಯಾಚ್ ಮುಗಿಯುವವರೆಗೆ ಇರುತ್ತವೆ, ಆಮೇಲೆ ಅವರು ಕೇಳಿದರೆ ಅಳಿಸಬೇಕು, ಅವರಿಗೊಂದು ಪ್ರತಿ ಕೊಡಬೇಕು. ಗಣಿತದ ಮೇಷ್ಟ್ರು ಮುಂದಿನ ವರ್ಷ ನಿವೃತ್ತರಾಗುತ್ತಾರೆ. ತಮ್ಮವನ್ನು ಅಳಿಸಬೇಡಿ ಅಂತ ಈಗಲೇ ಬರೆದುಕೊಟ್ಟಿದ್ದಾರೆ, ಆದರೆ ಮೈಕು ಬರುವ ಮೊದಲಿನವನ್ನು ಮಾತ್ರ ತೆಗೆಯಿರಿ ಅಂದಿದ್ದಾರೆ. ಆ ಪಾಠಗಳನ್ನು ಅವರು ಈ ಸೆಮಿಸ್ಟರ್‌ನಲ್ಲಿ ಮತ್ತೆ ಮಾಡುತ್ತಿದ್ದಾರೆ.